ಎದುರುಬದುರು ಇಟ್ಟ ಬಟ್ಟಲು

ಹೆಡ್ವಿಗ್‌ಳ ಅಡುಗೆಮನೆಯಲ್ಲಿ, ತಾನೇ ಹೊತ್ತು ತಂದಿದ್ದ, ಅರೆದು ಬೇಯಿಸುವ ಮಿಕ್ಸಿಯ ಆರ್ಭಟ ನಿಂತಿದ್ದೇ ತಡ, ಗುಡ್ರುನ್ ಚೀಲದಿಂದ ಪುಟ್ಟ ಕಾಗದದ ಲೋಟಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. "ಉಳಿದವರೆಲ್ಲ ಎಲ್ಲೇ?"

"ಯಾವ ಉಳಿದವರು?" ಹೆಡ್ವಿಗ್‌ಗೆ ಅರ್ಥವಾಗಲಿಲ್ಲ. ಇಬ್ಬರೂ ಜಗಳವಾಡಿ ಮಾತು ಬಿಟ್ಟು ಆರು ವರ್ಷವಾಗಿತ್ತು. ಹೋದ ವಾರ ತಾನಾಗಿಯೇ ಫೋನು ಮಾಡಿ, "ನಿಮ್ಮನೆಗೇ ಬಂದು ಸೂಪ್ ಮಾಡಿಕೊಡ್ತೀನಿ" ಎಂದ ಗೆಳತಿಗಾಗಿ ಅವಳು ಅಮ್ಮನ ಕಾಲದ ಪಿಂಗಾಣಿ ಬಟ್ಟಲುಗಳನ್ನು ತೊಳೆದು, ಎರಡನ್ನು ಎದುರುಬದುರು ಇಟ್ಟಿದ್ದಳು.

"ಅಕ್ಕಪಕ್ಕದವರನ್ನೂ ಕರೀತೀಯ ಅಂದ್ಕೊಂಡೆ ಕಣೇ. ಮಿಕ್ಸಿ ಮಾರೋಕೆ ಬಂದೋಳಿಗೆ ನಾಲ್ಕು ಜನ ಆದ್ರೂ ಬೇಡ್ವಾ? ಹೋಗ್ಲಿ ಬಿಡು, ನೀನೊಬ್ಳು ತಗೊಂಡ್ರೂ ಈ ತಿಂಗಳು ನಂಗೆ ಸಾಕು." ಗುಡ್ರುನ್ ಕಾಗದದ ಲೋಟಕ್ಕೆ ಎರಡು ಗುಟುಕು ಸುರಿದು ಕೊಟ್ಟಳು. "ಕುಡಿದು ಹೇಳು. ಇದಕ್ಕೆ ಸಾವಿರದ ಮುನ್ನೂರು ಯೂರೋ ಕೊಡಬಹುದೋ ಇಲ್ವೋ?"

ಕುಂಬಳಕಾಯಿ ಸೂಪ್ ಬೆಣ್ಣೆಯಂತೆ ಗಂಟಲಲ್ಲಿ ಇಳಿಯಿತು. ಅಷ್ಟು ನುಣುಪಾದದ್ದನ್ನು ಹೆಡ್ವಿಗ್ ಹಿಂದೆಂದೂ ಕುಡಿದಿರಲಿಲ್ಲ. ಅದೇ ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

"ಮಿಕ್ಸಿಗೆ ಖಂಡಿತ ಕೊಡಬಹುದು," ಎನ್ನುತ್ತ ಎದ್ದಳು. ಗೆಳತಿಯ ಮುಂದಿದ್ದ ಖಾಲಿ ಬಟ್ಟಲನ್ನು ಎತ್ತಿಕೊಂಡು, ಒಣಗಿದ್ದರೂ ಇನ್ನೊಮ್ಮೆ ಒರೆಸಿ, ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದಳು.