ಅಧ್ಯಕ್ಷರ ಬಚ್ಚಲ ನಲ್ಲಿ

ವಾರಪತ್ರಿಕೆ ಬಿಡಿಸುತ್ತಲೇ ರಾಷ್ಟ್ರಾಧ್ಯಕ್ಷರ ಮುಖ ಕೆಂಪಾಯಿತು. ‘ದೇಶ ಆಳುವವರ ಮನೆಯ ಬಚ್ಚಲ ನಲ್ಲಿ ವರ್ಷದಿಂದ ಸೋರುತ್ತಿದೆ!’ ಎಂದು ದಪ್ಪಕ್ಷರದಲ್ಲಿ ಹಾಕಿದ್ದರು, ಫೋಟೋ ಸಮೇತ.

“ನಮ್ಮ ಬಚ್ಚಲಿಗೆ ಯಾವನಯ್ಯಾ ನುಗ್ಗಿದ್ದು?” ಎಂದು ಕಾರ್ಯದರ್ಶಿಯ ಮೇಲೆ ಹರಿಹಾಯ್ದರು.

“ಗೊತ್ತಾಗ್ತಿಲ್ಲ ಸಾರ್. ಹೋದ ವಾರ ನಿಮ್ಮ ತೂತು ಬನಿಯನ್ ಸುದ್ದಿ ಬಂದಾಗ್ಲೇ ಕಾವಲಿನವರನ್ನೆಲ್ಲ ಬದಲಾಯಿಸಿದ್ವಿ.”

“ಚುನಾವಣೆ ಹತ್ತಿರ ಬಂತು, ಮಾನ ಹೋಗ್ತಿದೆ! ಮೊದಲು ನಲ್ಲಿ ರಿಪೇರಿ ಮಾಡಿಸು, ಆಮೇಲೆ ಆ ಮನೆಮುರುಕನನ್ನ ಹಿಡಿ!”

ಸಂಜೆಯೊಳಗೆ ನಲ್ಲಿ ಬಾಯಿ ಮುಚ್ಚಿತು. ನಿರುಮ್ಮಳವಾಗಿ ಕೋಣೆಯತ್ತ ಹೊರಟ ಅಧ್ಯಕ್ಷರಿಗೆ, ಒಳಗೆ ಹೆಂಡತಿ ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸಿತು.

“ನಲ್ಲಿ ರಿಪೇರಿ ಆಯ್ತು ಸಂಪಾದಕರೇ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಮುಂದಿನ ವಾರ, ಯುಗಾದಿಗೆ ಅಂತ ಬಂದು ಇಲ್ಲೇ ಠಿಕಾಣಿ ಹೂಡಿರೋ ನಮ್ಮ ನಾದಿನಿ ವಿಷಯ ಬರೀರಿ.”