ಹಿಂಬಾಗಿಲಿನ ಆಸರೆ

ಮಾರುವ ಮುಂಚೆ ಒಮ್ಮೆ ಒರೆಸಿಬಿಡೋಣವೆಂದು ಫಿಟ್ಟರ್ ಟ್ರೈಲರಿನೊಳಗೆ ತೂರಿಕೊಂಡ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಗಾಡಿ ಅದು. ಒಳಗೆ ಇಬ್ಬರು ಮಲಗುವಷ್ಟು ಜಾಗ, ಹಿಂಬಾಗಿಲನ್ನು ಮೇಲಕ್ಕೆತ್ತಿದರೆ ಅದರಡಿ ಅಡುಗೆ ಕಟ್ಟೆ. ಎತ್ತಿದ ಬಾಗಿಲನ್ನು ಹಿಡಿದು ನಿಲ್ಲಿಸುವ ಎರಡು ಆಸರೆಗಳು ಅವನದೇ ಕೈಕೆಲಸ. ಕೊಳವೆಯೊಳಗೊಂದು ಕೊಳವೆ, ಎರಡಕ್ಕೂ ಸೇರಿಸಿ ಕೊರೆದ ತೂತಿನಲ್ಲಿ ಒಂದು ಮೊಳೆ. ಅಂಗಡಿಯಿಂದಲೇ ತರೋಣ ಎಂದು ಹೆಂಡತಿ ಅಂದದ್ದಕ್ಕೆ, "ನಾನೇನು ಸತ್ತುಹೋಗಿದ್ದೀನಾ?" ಎಂದು ಹಾರಾಡಿದ್ದ.

ಹಿಂಬಾಗಿಲನ್ನು ಎತ್ತಿ ನಿಲ್ಲಿಸಿ, ಹಾಸಿಗೆಗೂ ಅಡುಗೆ ಕಟ್ಟೆಗೂ ನಡುವಿನ ಹಲಗೆ ಬಿಚ್ಚಿಟ್ಟಿದ್ದರಿಂದ ಆಸರೆಗಳು ಒಳಗಿನಿಂದಲೇ ಕಾಣುತ್ತಿದ್ದವು. ಮೂಲೆ ಒರೆಸಲು ಮಗ್ಗುಲು ಬದಲಿಸಿದಾಗ ಗಾಡಿ ಅಲುಗಿ, ಒಂದು ಮೊಳೆ ಕೂದಲೆಳೆಯಷ್ಟು ಹೊರಗೆ ಸರಿದಂತಾಯಿತು. ಭ್ರಮೆ ಇರಬೇಕೆಂದು ಮತ್ತೆ ಕದಲಿ ನೋಡಿದ. ಇನ್ನಷ್ಟು ಸರಿಯಿತು. ಗಾಬರಿಯಿಂದ ಮೊಣಕಾಲೂರಿ ಎದ್ದದ್ದೇ ತಡ, ಮೊಳೆ ಉದುರಿ, ಕೊಳವೆ ಜಾರಿ, ಬಾಗಿಲು ಇನ್ನೊಂದು ಆಸರೆಯನ್ನೂ ಎಳೆದುಕೊಂಡು ಧಡಾರನೆ ಬಿತ್ತು.

ಒಳಗೆ ಕತ್ತಲಾಯಿತು. ನಾಲ್ಕು ವರ್ಷದ ಹಿಂದೆ ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿದ್ದ ಆ ಬೆಳಗು ಅವನ ಕಣ್ಣಿಗೆ ಕಟ್ಟಿತು. "ಟೀ ಆಯ್ತು, ಏಳ್ರೀ" ಎಂದು ಹೆಂಡತಿ ಹಿಂದಿನಿಂದ ಕೂಗಿದ್ದಳು. ಅವನು ಹಾಸಿಗೆಯಿಂದ ಎದ್ದಿದ್ದ. ಬಾಗಿಲು ಅವಳ ಬಲಗೈ ಮೇಲೆ ಬಿದ್ದಿತ್ತು. ಇವತ್ತಿಗೂ ಅವಳ ಎರಡು ಬೆರಳು ಮಡಚುವುದಿಲ್ಲ. ಊರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದವಳು ಮಿಷನ್ನಿಗೆ ಮುಸುಕು ಹಾಕಿಟ್ಟಳು.

"ನೀನೇ ಭುಜ ತಾಗಿಸಿರ್ತೀಯ" ಎಂದಿದ್ದ ಅವತ್ತು. "ಇರ್ಬಹುದು" ಎಂದಿದ್ದಳು. ಅವನಿಗೆ ಅಷ್ಟೇ ಸಾಕಾಗಿತ್ತು. ನೆಂಟರಿಷ್ಟರ ಮುಂದೆಲ್ಲ "ನಮ್ಮವಳಿಗೆ ಮೈಮೇಲೆ ಎಚ್ಚರ ಕಮ್ಮಿ" ಎಂದು ನಗಾಡಿಕೊಂಡು ಹೇಳಿದ್ದೇ ಹೇಳಿದ್ದು. ಈಗ ತನ್ನ ನಾಲಿಗೆಯ ಬಗ್ಗೆ ಅವನಿಗೇ ಹೇಸಿಗೆಯಾಯಿತು.

ಸದ್ದು ಕೇಳಿ ಹೆಂಡತಿ ಅಂಗಳಕ್ಕೆ ಓಡಿಬಂದಳು. "ಕೈಗೇನಾದ್ರೂ ಬಿತ್ತೇನ್ರೀ?"

"ಇಲ್ಲ." ಪಕ್ಕದ ಬಾಗಿಲಿನಿಂದ ಇಳಿದವನಿಗೆ ಅವಳ ಮುಖ ನೋಡಲಾಗಲಿಲ್ಲ. "ಅವತ್ತು ನೀನು ತಾಗಿಸಿರ್ಲಿಲ್ಲ, ಅಲ್ವಾ?"

"ಇಲ್ಲ. ನೀವು ಎದ್ರಿ, ಗಾಡಿ ಅಲ್ಲಾಡ್ತು, ಬಿತ್ತು."

"ಗೊತ್ತಿದ್ದೂ 'ಇರ್ಬಹುದು' ಅಂದ್ಯಾ?"

"ಆಸ್ಪತ್ರೆಗೆ ಕಾರು ಓಡಿಸ್ಬೇಕಾಗಿದ್ದು ನೀವು. ಆಗ್ಲೇ ನಿಮ್ಮ ಕೈ ಗಡಗಡ ನಡುಗ್ತಿತ್ತು. ನಿಮ್ಮದೇ ತಪ್ಪು ಅಂದಿದ್ರೆ ಇಬ್ರೂ ಊರು ಸೇರ್ತಿರ್ಲಿಲ್ಲ."

"ಆಮೇಲಾದ್ರೂ ಹೇಳ್ಬಾರ್ದಿತ್ತಾ? ನಾಲ್ಕು ವರ್ಷ ಕಣೇ!"

"ಆಮೇಲೆ ನೀವು ನನ್ನ ಕೇಳ್ಲೇ ಇಲ್ವಲ್ರೀ," ಎಂದಳು ಅವಳು. "ಎಲ್ರಿಗೂ ಹೇಳ್ತಾನೇ ಇದ್ರಿ."