ಎಡಗೆನ್ನೆಯ ಉಂಗುರ

"ಹುಳುಕಡ್ಡಿ," ಎಂದರು ಮಧುಗಿರಿಯ ಡಾಕ್ಟರು, ಕ್ಯಾತಣ್ಣನ ಎಡಗೆನ್ನೆಯ ಕೆಂಪು ಉಂಗುರಕ್ಕೆ ಟಾರ್ಚ್ ಹಿಡಿದು. "ಮೈಗೆ ಮೈ ತಾಕಿದರೆ ಅಂಟುತ್ತೆ. ಮನೇಲಿ ಇನ್ಯಾರಿಗಾದರೂ ಇದೆಯಾ?"

"ನಾವಿಬ್ರೇ ಸಾ. ಇವ್ಳಿಗೇನೂ ಇಲ್ಲ," ಎಂದ ಕ್ಯಾತಣ್ಣ.

ಭೀಮಕ್ಕ ಗಂಡನ ಕೆನ್ನೆಯಿಂದ ಕಣ್ಣು ಕೀಳಲಿಲ್ಲ. ಇಂಥದೇ ಉಂಗುರವನ್ನು ಹೋದ ವಾರ ಐ.ಡಿ.ಹಳ್ಳಿಯಲ್ಲಿ ಮೊಮ್ಮಗಳ ಕೆನ್ನೆಯ ಮೇಲೆ ಕಂಡಿದ್ದಳು. ಮಗಳು ಬೇರೆ ಜಾತಿಯವನನ್ನು ಕಟ್ಟಿಕೊಂಡಾಗ, "ಅವಳ ಹೊಸ್ತಿಲು ತುಳಿದ್ರೆ ನನ್ನ ಹೆಣ ನೋಡ್ತೀಯ," ಎಂದಿದ್ದವನು ಇವನೇ. ಹಾಗಾಗಿ ಕದ್ದು ಹೋಗಿದ್ದವಳು, ಸೆರಗಿಗೆ ಮಗುವಿನ ಪೌಡರು ವಾಸನೆ ಹತ್ತೀತೆಂದು ಎತ್ತಿಕೊಳ್ಳದೆಯೇ ಬಂದಿದ್ದಳು.

"ಯಾರಿಂದ ಅಂಟಿತೋ ಅವರಿಗೂ ಈ ಮುಲಾಮು ಹಚ್ಚಬೇಕು. ಇಲ್ಲದಿದ್ದರೆ ಮತ್ತೆ ಬರುತ್ತೆ," ಎಂದು ಡಾಕ್ಟರು ಚೀಟಿ ಕೊಟ್ಟರು.

ಕ್ಯಾತಣ್ಣ ಅದನ್ನು ತಿರುವಿ ತಿರುವಿ ನೋಡಿದ. ಆಮೇಲೆ ಹೆಂಡತಿಯತ್ತ ಮುಖ ಮಾಡದೆ, ಮೆಲ್ಲಗೆ ಕೇಳಿದ: "ಎಳೇ ಮಗೀಗೆ ಇದು ಉರಿಯಾಕಿಲ್ವಾ ಸಾ?"